ಪಯಣದ ಓಕರಿಕೆಯೂ ದೇಹದ ನಿಲುವೂ

1996ರಲ್ಲಿ ಬೀದರದಲ್ಲಿಯೇ ಜನ್ಮತಾಳಿ, ಮೊದಲು ಕಿರಣ್ ವಿಮಾನಗಳನ್ನೂ ಅನಂತರ ಹಾಕ್ ವಿಮಾನಗಳನ್ನೂ ಹಾರಿಸಿ ಕೀರ್ತಿವಡೆದ ವಾಯುಪಡೆಯ ಸೂರ್ಯಕಿರಣ ತಂಡದ ವೈಮಾನಿಕರು ಆಕಾಶದಲ್ಲಿ ತಲೆಕೆಳಗಾಗಿ ಸುತ್ತಿಯೂ ಸ್ವಸ್ಥಚಿತ್ತರಾಗಿ ನೆಲಕ್ಕಿಳಿಯುತ್ತಾರೆ. ಅದೇ ಊರಿನ ಬಸ್ ನಿಲ್ದಾಣದಿಂದ ಹೊರಟು, ಜನವಾಡವನ್ನು ದಾಟಿ ಮಾಂಜ್ರಾ ನದಿಯನ್ನು ಸಮೀಪಿಸುವಷ್ಟರಲ್ಲಿಯೇ ಮುಖ ಬಿಳಿಚಿ, ಸೆರಗನ್ನು ಬಾಯಿಗೊತ್ತಿಕೊಂಡು, ಔರಾದ ಬರುವ ತನಕ ನಿಂಬೆಹಣ್ಣನ್ನು ಮೂಸುತ್ತ ಕೂಡುವವರೂ ಉಂಟು. ‘ಚಕ್ಕರ್ ಬರ್ತದ’ ಎಂದರೆ ಜೊತೆಯವರು ದೂಷಿಸುವುದು ಹೊಟ್ಟೆಯನ್ನು. ಉಂಡದ್ದು ಹೆಚ್ಚಾಯಿತೆಂದೋ, ಉಣ್ಣದೆ ಬಂದದ್ದು ತಪ್ಪಾಯಿತೆಂದೋ. ಪಾಪ, ಆ ಹೊಟ್ಟೆ ಈ ವ್ಯವಹಾರದಲ್ಲಿ ಕಟ್ಟಕಡೆಗೆ ನೋವುಣ್ಣುವ ಅಂಗವೇ ಹೊರತು ಮೂಲವಲ್ಲ.

ಮೂಲವಿರುವುದು ಒಳಗಿವಿಯಲ್ಲಿ. ಪರಸ್ಪರ ಲಂಬವಾಗಿ ನಿಂತ ಮೂರು ಅರ್ಧವೃತ್ತ ನಾಳಗಳು ತಲೆಯ ತಿರುವನ್ನೂ, ಸುಣ್ಣದ ಸೂಕ್ಷ್ಮ ಹರಳುಗಳನ್ನು ಹೊತ್ತ ಎರಡು ಪುಟ್ಟ ಚೀಲಗಳು ಅದರ ಓರೆಯನ್ನೂ ವೇಗಭೇದವನ್ನೂ ಕ್ಷಣಕ್ಷಣಕ್ಕೆ ಮಿದುಳಿಗೆ ಅರುಹುತ್ತವೆ. ಈ ವ್ಯವಸ್ಥೆಯ ರಹಸ್ಯವನ್ನು ಬಿಡಿಸಿದ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಪಾರಿತೋಷಕ ಸಂದಿತು. ಒಳಗಿವಿಯ ಈ ವ್ಯವಸ್ಥೆ ಪೂರ್ತಿ ನಷ್ಟವಾದವರಿಗೆ ಕಡಲೂ ಬಸ್ಸೂ ಓಕರಿಕೆ ತರಲಾರವು. ಕಣ್ಣು ಪುಸ್ತಕದ ಮೇಲಿದ್ದು ‘ನಿಶ್ಚಲ’ವೆಂದು ಹೇಳುವಾಗ ಕಿವಿಯು ‘ಚಲನೆ’ ಎಂದು ಸಾರಿದರೆ ಆ ವೈರುಧ್ಯವೇ ವ್ಯಾಧಿಯಾಗುತ್ತದೆಂಬುದು ಬಹುಮಂದಿ ವಿದ್ವಾಂಸರ ಮತ.

ಆದರೆ 1991ರಲ್ಲಿ ರಿಚ್ಚಿಯೊ ಮತ್ತು ಸ್ಟಾಫ್ರೆಗನ್ ಎಂಬ ಅಮೆರಿಕದ ವಿಜ್ಞಾನಿಗಳು ಬೇರೊಂದು ದಾರಿ ಹಿಡಿದರು. ನಾವು ಕದಲದೆ ನಿಂತಿದ್ದೇವೆಂದುಕೊಂಡಾಗಲೂ ದೇಹವು ಹಿಂದಕ್ಕೂ ಮುಂದಕ್ಕೂ ಕಣ್ಣಿಗೆ ಕಾಣದಷ್ಟು ಓಲಾಡುತ್ತಿರುತ್ತದೆ. ಹೊಸ ಚಲನೆಯೊಳಗೆ ಆ ಓಲಾಟವನ್ನು ಅಂಕೆಯಲ್ಲಿಡುವ ಉಪಾಯ ದೇಹಕ್ಕೆ ತಿಳಿಯದೆ ಹೋದಾಗಲೇ ಓಕರಿಕೆ ಹುಟ್ಟುತ್ತದೆಂದು ಅವರ ವಾದ. ಹಡಗು ಇನ್ನೂ ಬಂದರಿನಲ್ಲಿ ಕಟ್ಟಿರುವಾಗಲೇ ಪ್ರಯಾಣಿಕರ ನಿಲುವಿನ ಓಲಾಟವನ್ನು ಅಳೆದ 2013ರ ಪ್ರಯೋಗವೊಂದರಲ್ಲಿ, ಆ ಓಲಾಟದ ರೀತಿಗೂ ಮುಂದೆ ಸಮುದ್ರದಲ್ಲಿ ಅವರು ಪಟ್ಟ ಬಾಧೆಗೂ ಸಂಬಂಧ ಕಂಡುಬಂದಿತು. ವಿವಾದ ಇನ್ನೂ ಮುಗಿದಿಲ್ಲವಾದರೂ ನನ್ನ ಮನಸ್ಸು ಈ ಪಕ್ಷಕ್ಕೇ ಒಲಿಯುತ್ತದೆ. ಏಕೆಂದರೆ ಇಲ್ಲಿ ರೋಗಿಗೆ ತಾನೇ ಮಾಡಬಹುದಾದ ಕಾರ್ಯವೊಂದುಂಟು.

ಬಸ್ಸು ಬಳುಕುದಾರಿಯಲ್ಲಿ ತಿರುಗುವಾಗ ಚಾಲಕನನ್ನು ಗಮನಿಸಿರಿ: ಆತನ ತಲೆ ತಿರುವಿನ ಒಳಗಡೆಗೆ ವಾಲುತ್ತದೆ, ಹಿಂದೆ ಕುಳಿತವರ ತಲೆಗಳೋ ಹೊರಗಡೆಗೆ ಎಸೆದಂತೆ ಬೀಳುತ್ತವೆ. ಪ್ರಯಾಣಿಕನೂ ಬೇಕೆಂದೇ ತಲೆಯನ್ನು ಒಳಕ್ಕೆ ವಾಲಿಸಿದರೆ ಬಾಧೆ ತಗ್ಗುವುದನ್ನು ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಹಾಗೆಯೇ, ತಗ್ಗುದಿನ್ನೆಗಳ ರಸ್ತೆಯ ಒರಟು ಕುಲುಕಾಟಕ್ಕಿಂತ ಸುಮಾರು ಐದು ಸೆಕೆಂಡಿಗೊಮ್ಮೆ ಬರುವ ನಿಧಾನವಾದ ತೂಗಾಟ ಹೆಚ್ಚು ಘಾತುಕ. ‘ಹಿಂದ ಬ್ಯಾಡ್ರಿ ಅವ್ವಾ, ಮುಂದ ಖಿಡಕಿ ಬಾಜೂ ಕೂಡ್ರಿ’ ಎಂದು ನಿರ್ವಾಹಕ ಹೇಳುವ ಮಾತಿನಲ್ಲಿ ಪೂರ್ಣ ಶಾಸ್ತ್ರಾರ್ಥವಿದೆ: ಮುಂದೆ ತೂಗಾಟ ಕಡಿಮೆ, ದೂರದ ದಿಗಂತ ಕಣ್ಣಿಗೆ ಸಿಕ್ಕುತ್ತದೆ, ಬರಲಿರುವ ತಿರುವು ಮುಂಚೆಯೇ ತಿಳಿಯುತ್ತದೆ. ನಿಲ್ಲಲೇಬೇಕಾದವರು ಪಾದಗಳನ್ನು ತುಸು ಅಗಲಿಸಿ ನಿಂತರೆ ಓಲಾಟ ಕಡಿಮೆಯಾಗುತ್ತದೆ.

ಹಾರಾಟ ಕಲಿಯುವ ತರುಣರಿಗೂ ಮೊದಮೊದಲು ಈ ಬಾಧೆ ತಪ್ಪಿದ್ದಲ್ಲ. 1957ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವಾಯುಯಾನ ವೈದ್ಯಕೀಯ ಸಂಸ್ಥೆಯಲ್ಲಿ ಅಂಥವರನ್ನು ಕ್ರಮಕ್ರಮವಾಗಿ ಚಲನೆಗೆ ಒಗ್ಗಿಸುವ ಚಿಕಿತ್ಸೆ ಉಂಟು. ಸೈನಿಕನಿಗೆ ದೊರೆಯುವ ಈ ತಾಳ್ಮೆಯ ಉಪಚಾರ, ನಮ್ಮ ಮಕ್ಕಳಿಗೆ, ಅದರಲ್ಲೂ ಎರಡರಿಂದ ಹನ್ನೆರಡರ ನಡುವಣ ಎಳೆಯರಿಗೆ ಬಹುಮಟ್ಟಿಗೆ ಗದರಿಕೆಯಾಗಿ ಪರಿಣಮಿಸುವುದನ್ನು ನೋಡಿದರೆ ಮನಸ್ಸು ನೋಯುತ್ತದೆ. ಭಾಲ್ಕಿಯವರಿಗಾದರೆ ಬೀದರಕ್ಕೆ ಬರಲು ರೈಲುಗಾಡಿ ಇದೆ. ಔರಾದ ಪಟ್ಟಣಕ್ಕೆ ರೈಲಿಲ್ಲ, ಬಸ್ಸೇ ಗತಿ. ಆದ್ದರಿಂದ ಆ ದಾರಿಯ ಬಸ್ಸುಗಳಲ್ಲಿ ಮುಂದಿನ ಎರಡು ಸಾಲುಗಳನ್ನು ಓಕರಿಕೆಯಿಂದ ಬಳಲುವವರಿಗೆಂದು ಕಾದಿರಿಸುವುದು ಸಾರಿಗೆಯವರು ಯೋಚಿಸತಕ್ಕ ಕಾರ್ಯವಾಗಿದೆ.