ಹೆಸರು ಬೇಡ, ವಿವರ ಸಾಕು

ಸಖರಾಯಪಟ್ಟಣದ ರೈತನೊಬ್ಬನ ಪಹಣಿ ಕಂದಾಯ ಇಲಾಖೆಯ ‘ಭೂಮಿ’ಯಲ್ಲಿದೆ, ಪಡಿತರದ ವಿವರ ಆಹಾರ ಇಲಾಖೆಯಲ್ಲಿ, ಕಾಯಿಲೆಯದು ಆರೋಗ್ಯ ಇಲಾಖೆಯಲ್ಲಿ. ಅಯ್ಯನಕೆರೆಯ ನೀರು ಹರಿಯುವ ಹೊಲಗಳವರ ಮನೆಗಳಲ್ಲಿ ಕಾಯಿಲೆ ಕಡಮೆಯೇ ಎಂದು ಅರಿಯಬೇಕಾದರೆ ಈ ಮೂರನ್ನೂ ಕೂಡಿಸಿ ನೋಡಬೇಕು. ಹಾಗೆಂದು ಸಂಶೋಧಕನಿಗೆ ಹೆಸರು ಬೇಕಿಲ್ಲ. ಹೆಸರು, ವಿಳಾಸಗಳನ್ನಷ್ಟೇ ಮೂರನೆಯವರೊಬ್ಬರು ಹೋಲಿಸಿ ಗುಪ್ತಸಂಖ್ಯೆ ಕೊಡಬೇಕು. ಆ ಸಂಖ್ಯೆಯೊಡನೆ ಉಳಿದ ವಿವರ ಸಂಶೋಧಕನಿಗೆ ಹೋಗಬೇಕು. ಆಗ ಹೆಸರು ಕಂಡವರಿಗೆ ಕಾಯಿಲೆ ತಿಳಿಯದು, ಸಂಶೋಧಕನಿಗೆ ಹೆಸರು ತಿಳಿಯದು.

ಇಷ್ಟೇ ಸಾಲದೆಂಬುದು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಗೊತ್ತು. ‘ಎರಡೆಕರೆ ತೆಂಗಿನ ತೋಟದ, ಕ್ಷಯವಿರುವ ವಿಧವೆ’ ಎಂದರೆ ಹೆಸರು ಹೇಳಿದಂತೆಯೇ ಆಯಿತು. ಆದುದರಿಂದ ಬೆರಳೆಣಿಕೆಯ ಜನರ ಲೆಕ್ಕವನ್ನು ಪ್ರಕಟಿಸಕೂಡದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ನನಗೆ ಮೆಚ್ಚಾದ ಷರತ್ತೊಂದಿದೆ: ಸಂಶೋಧನೆಗೆ ವಿನಾಯಿತಿಯುಂಟು, ಆದರೆ ಆ ವಿವರದ ಆಧಾರದ ಮೇಲೆ ಅದೇ ವ್ಯಕ್ತಿಯ ಬಗೆಗೆ ತೀರ್ಮಾನ ಕೈಗೊಳ್ಳುವಂತಿಲ್ಲ. ಕ್ಷಯದ ಅಧ್ಯಯನಕ್ಕೆಂದು ಹೋದ ದಾಖಲೆಯನ್ನು ತೋರಿಸಿ ಆಕೆಯ ಪಡಿತರ ಚೀಟಿಯನ್ನು ಯಾರೂ ರದ್ದುಮಾಡಲಾಗದು.