ಧನುರ್ಮಾಸಕ್ಕೆ ದಿನ ಕಡಿಮೆ ಏಕೆ?

ಮನೆಯಲ್ಲಿ ಪಂಚಾಂಗವಿದ್ದರೆ ತೆಗೆದು ಎರಡು ಲೆಕ್ಕ ಹಾಕಿ. ಮಿಥುನ ಸಂಕ್ರಮಣದಿಂದ ಕರ್ಕಾಟಕ ಸಂಕ್ರಮಣಕ್ಕೆ ಎಷ್ಟು ದಿನ? ಧನು ಸಂಕ್ರಮಣದಿಂದ ಮಕರ ಸಂಕ್ರಮಣಕ್ಕೆ ಎಷ್ಟು? ಜೂನ್ ಮಧ್ಯದಲ್ಲಿ ಶುರುವಾಗುವ ಮೊದಲನೆಯದು ಸುಮಾರು ಮೂವತ್ತೊಂದೂವರೆ ದಿನ. ನಸುಕಿನ ಪೂಜೆ, ಹುಗ್ಗಿಯ ನೈವೇದ್ಯದ ಧನುರ್ಮಾಸ ಇಪ್ಪತ್ತೊಂಬತ್ತೂವರೆಗೇ ಮುಗಿಯುತ್ತದೆ. ಸೌರಮಾನದಲ್ಲಿ ತಿಂಗಳೆಣಿಸುವ ತುಳುನಾಡಿನವರಿಗೆ ಇದು ಹೊಸದಲ್ಲ. ಅವರ ಕಾರ್ತೆಲ್ ಉದ್ದ, ಪೆರಾರ್ದೆ ಗಿಡ್ಡ.

ಎರಡು ತಿಂಗಳಲ್ಲೂ ಸೂರ್ಯ ದಾಟುವುದು ಒಂದೊಂದೇ ರಾಶಿ, ಅಂದರೆ 30 ಡಿಗ್ರಿ. ಸೂರ್ಯ ಹಾಗೆ ಸರಿದಂತೆ ಕಾಣುವುದು ನಾವು ಅದನ್ನು ಸುತ್ತುತ್ತಿರುವುದರಿಂದ. ಹಾಗಿದ್ದಮೇಲೆ ಧನುರ್ಮಾಸದಲ್ಲಿ ಭೂಮಿಯೇ ಚುರುಕಾಗಿ ಓಡುತ್ತಿದೆ ಎಂದಾಯಿತು. ಅದನ್ನು ಓಡಿಸುತ್ತಿರುವುದು ಸೂರ್ಯನ ಗುರುತ್ವಾಕರ್ಷಣೆ.

ಭೂಮಿಯ ಕಕ್ಷೆ ಪೂರ್ತಿ ವೃತ್ತವಲ್ಲ, ಸ್ವಲ್ಪವೇ ಸ್ವಲ್ಪ ದೀರ್ಘವೃತ್ತ. ಜನವರಿ ಮೊದಲ ವಾರದಲ್ಲಿ ಸೂರ್ಯ ನಮ್ಮಿಂದ 14.71 ಕೋಟಿ ಕಿ.ಮೀ. ದೂರದಲ್ಲಿರುತ್ತಾನೆ, ಜುಲೈ ಮೊದಲ ವಾರದಲ್ಲಿ 15.21 ಕೋಟಿ. ಚಳಿಗಾಲದಲ್ಲೇ ಸೂರ್ಯ ಹತ್ತಿರ ಎಂದರೆ ನಂಬುವುದು ಕಷ್ಟ. ಆದರೆ ಚಳಿ, ಸೆಕೆಗಳನ್ನು ನಿರ್ಧರಿಸುವುದು ಭೂಮಿಯ ಅಕ್ಷದ ಓರೆ, ಈ 50 ಲಕ್ಷ ಕಿ.ಮೀ. ವ್ಯತ್ಯಾಸವಲ್ಲ.

ಸೂರ್ಯ ಎಳೆಯುತ್ತಿದ್ದರೂ ಭೂಮಿ ಅದರೊಳಗೆ ಹೋಗಿ ಬೀಳುವುದಿಲ್ಲವೇಕೆ? ನಿಜ ಹೇಳಬೇಕೆಂದರೆ ಭೂಮಿ ಪ್ರತಿಕ್ಷಣವೂ ಬೀಳುತ್ತಲೇ ಇದೆ. ಒಂದು ಸೆಕೆಂಡನ್ನು ಹಿಡಿದು ನೋಡೋಣ. ಅಷ್ಟರಲ್ಲಿ ಭೂಮಿ ಅಡ್ಡಡ್ಡಲಾಗಿ ಸುಮಾರು 30 ಕಿ.ಮೀ. ಸಾಗಿರುತ್ತದೆ. ಸೂರ್ಯನ ಎಳೆತ ಇಲ್ಲದಿದ್ದರೆ ಆ ದಾರಿ ನೆಟ್ಟಗಿರುತ್ತಿತ್ತು. ಎಳೆತ ಇರುವುದರಿಂದ ಭೂಮಿ ಆ ನೇರ ದಾರಿಯಿಂದ ಸೂರ್ಯನ ಕಡೆಗೆ ಬಾಗುತ್ತದೆ. ಎಷ್ಟು? ಸುಮಾರು 3 ಮಿಲಿಮೀಟರ್, ಎರಡು ಅಕ್ಕಿಕಾಳಿನ ದಪ್ಪವೂ ಇಷ್ಟೇ. ಮೂವತ್ತು ಕಿಲೋಮೀಟರಿಗೆ ಮೂರೇ ಮಿಲಿಮೀಟರ್ ಬಾಗು! ಅದೇ ಸೆಕೆಂಡಿನಿಂದ ಸೆಕೆಂಡಿಗೆ ಕೂಡುತ್ತ ವರ್ಷಕ್ಕೊಮ್ಮೆ ಸುತ್ತು ಮುಚ್ಚಿಕೊಳ್ಳುತ್ತದೆ. ಗುರುತ್ವಾಕರ್ಷಣೆಯ ಬಗ್ಗೆ ನನಗೆ ಅತ್ಯಂತ ಇಷ್ಟವಾದ ಲೆಕ್ಕ ಇದು.

ಜುಲೈನಿಂದ ಜನವರಿಯವರೆಗೆ ಭೂಮಿ ಸೂರ್ಯನಿಗೆ ಮೆಲ್ಲಮೆಲ್ಲನೆ ಹತ್ತಿರವಾಗುತ್ತದೆ. ಮೇಲಿನಿಂದ ಬೀಳುವ ಯಾವುದೇ ವಸ್ತುವಿನ ಹಾಗೆ ಅದರ ವೇಗವೂ ಏರುತ್ತದೆ: ಸೆಕೆಂಡಿಗೆ 29.3 ಕಿ.ಮೀ. ಇದ್ದದ್ದು 30.3 ಆಗುತ್ತದೆ. ಇನ್ನೂ ಹತ್ತಿರ ಏಕೆ ಹೋಗುವುದಿಲ್ಲ ಎಂಬುದಕ್ಕೂ ಉತ್ತರ ಈ ವೇಗದಲ್ಲೇ ಇದೆ. ಜನವರಿಯಲ್ಲಿರುವ ದೂರದಲ್ಲೇ ವೃತ್ತಾಕಾರವಾಗಿ ಸುತ್ತುವುದಾದರೆ ಸೆಕೆಂಡಿಗೆ 30.04 ಕಿ.ಮೀ. ಸಾಕಿತ್ತು. ಭೂಮಿಯ ಬಳಿ ಅದಕ್ಕಿಂತ ಕಾಲು ಕಿಲೋಮೀಟರಿನಷ್ಟು ಹೆಚ್ಚು ವೇಗವಿದೆ. ಸೂರ್ಯನ ಎಳೆತ ಆ ದೂರದಲ್ಲಿ ಇಷ್ಟು ವೇಗವನ್ನು ವೃತ್ತಕ್ಕೆ ಬಗ್ಗಿಸಲಾರದು. ಭೂಮಿ ಹೊರಕ್ಕೆ ಸರಿಯತೊಡಗುತ್ತದೆ. ಹೊರಗೆ ಹೋದಂತೆಲ್ಲ ಎಳೆತಕ್ಕೆ ಎದುರಾಗಿ ಸಾಗುವುದರಿಂದ ವೇಗ ಕುಗ್ಗುತ್ತದೆ. ಜುಲೈ ಹೊತ್ತಿಗೆ ವೃತ್ತಕ್ಕೆ ಬೇಕಾದ 29.54ಕ್ಕಿಂತ ಕಡಿಮೆಯಾಗಿ ಮತ್ತೆ ಒಳಮುಖವಾಗುತ್ತದೆ. ಯಾರೂ ತಳ್ಳಬೇಕಿಲ್ಲ, ಯಾರೂ ತಡೆಯಬೇಕಿಲ್ಲ.

ವೇಗದ ವ್ಯತ್ಯಾಸ ಸುಮಾರು ಶೇ. 3.4 ಮಾತ್ರ. ಆದರೆ ಮಿಥುನಕ್ಕೂ ಧನುವಿಗೂ ಇರುವ ದಿನಗಳ ಅಂತರ ಶೇ. 7ರ ಹತ್ತಿರವಿದೆ. ಕಾರಣ, ಹತ್ತಿರವಿದ್ದಾಗ ಭೂಮಿ ಓಡುವುದೂ ಜೋರು, 30 ಡಿಗ್ರಿ ದಾಟಲು ಸವೆಸಬೇಕಾದ ದಾರಿಯೂ ಚಿಕ್ಕದು. ಎರಡೂ ಸೇರಿ ಪರಿಣಾಮ ಇಮ್ಮಡಿಯಾಗುತ್ತದೆ. ಇದನ್ನೇ ಯೊಹಾನೆಸ್ ಕೆಪ್ಲರ್ 1609ರಲ್ಲಿ ನಿಯಮವಾಗಿ ಮುಂದಿಟ್ಟ: ಗ್ರಹವನ್ನೂ ಸೂರ್ಯನನ್ನೂ ಸೇರಿಸುವ ರೇಖೆ ಸಮಾನ ಕಾಲದಲ್ಲಿ ಸಮಾನ ವಿಸ್ತೀರ್ಣವನ್ನು ಸವರಿಕೊಂಡು ಹೋಗುತ್ತದೆ. ಟೈಕೊ ಬ್ರಾಹೆ ದೂರದರ್ಶಕವಿಲ್ಲದ ಕಾಲದಲ್ಲಿ ಮಂಗಳನನ್ನು ನೋಡಿ ಬರೆದಿಟ್ಟ ಸ್ಥಾನಗಳು ಅವನಿಗೆ ಆಧಾರವಾದವು. ಹೀಗೇಕೆ ಎಂಬುದನ್ನು 1687ರಲ್ಲಿ ನ್ಯೂಟನ್ ಗುರುತ್ವಾಕರ್ಷಣೆಯಿಂದ ತೋರಿಸಿಕೊಟ್ಟ. ಸೂರ್ಯನ ಗತಿ ಏರಿಳಿಯುವುದು ನಮ್ಮ ಸಿದ್ಧಾಂತಕಾರರಿಗೆ ಅದಕ್ಕೂ ಎಷ್ಟೋ ಮುಂಚೆಯೇ ಗೊತ್ತಿತ್ತು. ಗತಿ ಅತಿ ನಿಧಾನವಾಗುವ ಬಿಂದುವನ್ನು, ಅಂದರೆ ಮಂದೋಚ್ಚವನ್ನು, ಸೂರ್ಯಸಿದ್ಧಾಂತ ಇಟ್ಟಿರುವುದು ಮಿಥುನ ರಾಶಿಯಲ್ಲೇ.

ಕಕ್ಷೆ ಹೆಚ್ಚು ಉದ್ದಕ್ಕೆ ಎಳೆದಂತಿದ್ದರೆ ಈ ಏರಿಳಿತವೂ ಹೆಚ್ಚು. ಬುಧನ ವೇಗ ಸೆಕೆಂಡಿಗೆ 39 ಕಿ.ಮೀ.ನಿಂದ 59ರವರೆಗೆ ಹೊಯ್ದಾಡುತ್ತದೆ. ಹ್ಯಾಲಿ ಧೂಮಕೇತುವಿನದು ಇನ್ನೂ ವಿಪರೀತ. 1986ರ ಫೆಬ್ರವರಿಯಲ್ಲಿ ಸೂರ್ಯನ ಪಕ್ಕ ಹಾಯುವಾಗ ಸೆಕೆಂಡಿಗೆ 54 ಕಿ.ಮೀ. ದಾಟಿದ್ದ ಅದು, ನೆಪ್ಚೂನ್ ಕಕ್ಷೆಯ ಆಚೆ 2023ರ ಡಿಸೆಂಬರಿನಲ್ಲಿ ತುತ್ತತುದಿ ಮುಟ್ಟಿದಾಗ ಒಂದು ಕಿಲೋಮೀಟರಿಗೂ ಕಡಿಮೆ ವೇಗದಲ್ಲಿತ್ತು. ಈಗ ಸೂರ್ಯನ ಕಡೆ ತಿರುಗಿ ಬೀಳುತ್ತಿದೆ. 2061ರಲ್ಲಿ ಮತ್ತೆ ಹತ್ತಿರ ಬರುವಷ್ಟರಲ್ಲಿ ಹಳೆಯ ವೇಗವನ್ನೆಲ್ಲ ಗಳಿಸಿಕೊಂಡಿರುತ್ತದೆ.