ಬಟನ್ ಒತ್ತಿದರೂ ವೆಬ್‌ಸೈಟ್ ಕದಲುತ್ತಿಲ್ಲವೇ? ಕ್ಯಾಶ್ ಪರೀಕ್ಷಿಸಿ ನೋಡಿ

ಅರ್ಜಿಯ ಪುಟ ಮೊಬೈಲ್‌ನಲ್ಲಿ ಸರಿಯಾಗಿದೆ. ಕಂಪ್ಯೂಟರ್‌ನಲ್ಲಿ ಮಾತ್ರ 'ಸಬ್ಮಿಟ್' ಒತ್ತಿದರೂ ಏನೂ ಆಗುವುದಿಲ್ಲ. ಇಂಟರ್ನೆಟ್ ನಿಧಾನ ಎಂದುಕೊಳ್ಳುವವರೇ ಹೆಚ್ಚು. ಆದರೆ ಬ್ರೌಸರ್‌ನ ಕ್ಯಾಶ್ ಕೂಡ ಇದಕ್ಕೆ ಕಾರಣವಾಗಬಹುದು.

ಪುಟ ಬೇಗ ತೆರೆಯಲೆಂದು ಬ್ರೌಸರ್ ಚಿತ್ರ, ಜಾವಾಸ್ಕ್ರಿಪ್ಟ್ ಮುಂತಾದ ಫೈಲ್‌ಗಳ ಪ್ರತಿಯನ್ನು ಉಳಿಸಿಕೊಳ್ಳುತ್ತದೆ. ಎಷ್ಟು ಕಾಲ ಎಂಬುದನ್ನು ಸಾಮಾನ್ಯವಾಗಿ ವೆಬ್‌ಸೈಟೇ ಸೂಚಿಸುತ್ತದೆ. ಕೆಲವು ಫೈಲ್‌ಗಳಿಗೆ ಈ ಅವಧಿ 1 ವರ್ಷವೂ ಇರುತ್ತದೆ. ಈ ನಡುವೆ ವೆಬ್‌ಸೈಟ್ ಬದಲಾದರೆ ಪುಟ ಹೊಸದಾಗಿ ಬಂದರೂ ಅದನ್ನು ನಡೆಸುವ ಸ್ಕ್ರಿಪ್ಟ್ ಹಳೆಯದೇ ಉಳಿಯಬಹುದು. ಹೊಸ ಬಟನ್ ಹಳೆಯ ಸ್ಕ್ರಿಪ್ಟ್‌ಗೆ ಗೊತ್ತೇ ಇರುವುದಿಲ್ಲ.

ಪತ್ತೆ ಹೇಗೆ?
ಅದೇ ಪುಟವನ್ನು ಇನ್‌ಕಾಗ್ನಿಟೊ ವಿಂಡೋದಲ್ಲಿ ತೆರೆಯಿರಿ. ಅಲ್ಲಿ ಸರಿಯಾಗಿ ನಡೆದರೆ ಕ್ಯಾಶ್ ಅಥವಾ ಯಾವುದಾದರೂ ಎಕ್ಸ್‌ಟೆನ್ಶನ್ ಮೇಲೆ ಅನುಮಾನ ಪಡಬಹುದು.

ಪರಿಹಾರವೇನು?
* ವಿಂಡೋಸ್‌ನ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಕಂಟ್ರೋಲ್, ಶಿಫ್ಟ್, ಆರ್ ಕೀಗಳನ್ನು ಒಟ್ಟಿಗೆ ಒತ್ತಿ. ತುಂಬಿದ ವಿವರ ಅಳಿಸಿಹೋಗಬಹುದು, ಮೊದಲೇ ಬರೆದಿಟ್ಟುಕೊಳ್ಳಿ.
* ಆಗಲೂ ಸರಿಹೋಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಶ್ ಫೈಲ್‌ಗಳನ್ನಷ್ಟೇ ಅಳಿಸಿ. ಕುಕೀಸ್ ಅಳಿಸಿದರೆ ಖಾತೆಗಳಿಂದ ಲಾಗ್‌ಔಟ್ ಆಗುತ್ತೀರಿ. ಪಾಸ್‌ವರ್ಡ್ ಆಯ್ಕೆಗೆ ಟಿಕ್ ಇಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಿ.
* ಹಣ ಪಾವತಿಯ ಪುಟವಾದರೆ ಖಾತೆಯಿಂದ ಹಣ ಕಡಿತವಾಗಿದೆಯೇ ಎಂದು ನೋಡದೆ ಮತ್ತೆ ಪ್ರಯತ್ನಿಸಬೇಡಿ.

ವೆಬ್‌ಸೈಟ್ ನಿರ್ವಹಿಸುವವರ ಬಳಿಯೂ ಇದಕ್ಕೆ ಮದ್ದಿದೆ. ಸ್ಕ್ರಿಪ್ಟ್ ಬದಲಿಸಿದಾಗಲೆಲ್ಲ ಫೈಲಿನ ಹೆಸರಿಗೆ ಹೊಸ ಆವೃತ್ತಿ ಸಂಖ್ಯೆ ಸೇರಿಸಿದರೆ, ಬ್ರೌಸರ್ ಅದನ್ನು ಬೇರೆ ಫೈಲ್ ಎಂದೇ ಪರಿಗಣಿಸಿ ಹೊಸದಾಗಿ ತರಿಸಿಕೊಳ್ಳುತ್ತದೆ. ಆಗ ಬಳಕೆದಾರರು ಕ್ಯಾಶ್ ಅಳಿಸುವ ಗೋಜಿಗೇ ಹೋಗಬೇಕಿಲ್ಲ.